ಕೈ ಕಟ್ಟಿ ಕೂರುವ ಕೆಲಸ

(ಚಿತ್ರಕಲೆಯಲ್ಲಿ ಆಸಕ್ತಿ ಇರುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ತೊದಲಿದ್ದನ್ನು ತೆಗೆದಿದ್ದೇನೆ, ಹರಟಿದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮುಗಿಸಿಬಿಡುತ್ತೇನೆ. ಈ ಮೇಜಿನ ಮೇಲೆ ಒಂದು ಪೇಪರ್ ಇದೆ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿದ್ದೇನೆ. ಈಗ ಅಗಲದ ಬ್ರಷ್ಷಿನಲ್ಲಿ ಇಡೀ ಪೇಪರಿಗೆ ನೀರು ಬಳಿಯುತ್ತೇನೆ. ಆಯಿತು. ಇನ್ನು ಅಲ್ಟ್ರಾಮರೀನ್ ನೀಲಿ. ಮೇಲೆ ಗಾಢ, ಕೆಳಗೆ ಬರುತ್ತಾ ಬರುತ್ತಾ ತೆಳು. ಆಕಾಶ ಅಂದುಕೊಳ್ಳಿ. ಇನ್ನು ಮುಗಿಯುವವರೆಗೆ ಇದನ್ನು ಯಾರೂ ಮುಟ್ಟಬೇಡಿ. ನಾನೂ ಮುಟ್ಟುವುದಿಲ್ಲ.

ಜಲವರ್ಣ ಕಲಾವಿದನ ದಿನ ಹೇಗಿರುತ್ತದೆ ಅಂತ ಮಾತಾಡಿ ಅಂದರು. ನಿಜ ಹೇಳಬೇಕೆಂದರೆ ಹೀಗೇ ಇರುತ್ತದೆ. ಐದು ನಿಮಿಷ ಬಣ್ಣ ಹಾಕುವುದು, ಆಮೇಲೆ ಕೈ ಕಟ್ಟಿ ಕೂರುವುದು. ಚಿತ್ರಕಾರ ಅಂದರೆ ದಿನವಿಡೀ ಬ್ರಷ್ ಆಡಿಸುತ್ತಿರುತ್ತಾನೆ ಅಂತ ಜನ ಅಂದುಕೊಂಡಿರುತ್ತಾರೆ. ನಮ್ಮ ಮನೆಯವರೂ ಮೊದಮೊದಲು ಹಾಗೇ ಅಂದುಕೊಂಡಿದ್ದರು. ಆಮೇಲೆ, ಒದ್ದೆ ಪೇಪರನ್ನು ನೋಡಿಕೊಂಡು ಸುಮ್ನೆ ಕೂತವನನ್ನು ಕಂಡು ಇವರಿಗೇನೂ ಕೆಲಸ ಇಲ್ಲ ಅಂತ ತೀರ್ಮಾನಿಸಿ ತರಕಾರಿ ಹೆಚ್ಚಲು ಕರೆಯತೊಡಗಿದರು. ಹೋಗುತ್ತೇನೆ ಕೂಡ. ಎಷ್ಟೋ ಚಿತ್ರಗಳು ಉಳಿದುಕೊಂಡಿದ್ದು ಹಾಗೆ ಎದ್ದು ಹೋಗಿದ್ದರಿಂದಲೇ.

ಯಾಕೆ ಅಂತ ಹೇಳುತ್ತೇನೆ. ತೈಲವರ್ಣದಲ್ಲಿ ತಪ್ಪಾದರೆ ಕೆರೆದು ಹಾಕಬಹುದು, ಒಣಗಿದ ಮೇಲೆ ಮೇಲಿಂದ ಇನ್ನೊಂದು ಪದರ ಬಳಿಯಬಹುದು. ಜಲವರ್ಣದಲ್ಲಿ ಬಣ್ಣ ಪಾರದರ್ಶಕ. ಮೇಲೆ ಏನೇ ಹಾಕಿದರೂ ಕೆಳಗಿನದು ಕಾಣುತ್ತಲೇ ಇರುತ್ತದೆ. ಬಿಳಿ ಅನ್ನುವುದು ಟ್ಯೂಬಿನಿಂದ ಬರುವುದಲ್ಲ, ಪೇಪರೇ ಬಿಳಿ. ಬಿಳಿ ಗೋಡೆ ಬೇಕು ಅಂದರೆ ಗೋಡೆ ಇರುವ ಜಾಗಕ್ಕೆ ಬಣ್ಣ ಹಾಕದೆ ಬಿಡಬೇಕು. ಅಂದರೆ ಏನು ಬರೆಯಬೇಕು ಅನ್ನುವುದಕ್ಕಿಂತ ಎಲ್ಲಿ ಬರೆಯಬಾರದು ಅಂತ ಮೊದಲು ಗೊತ್ತಿರಬೇಕು. ಬಿಳಿ ಬಣ್ಣ ಇಲ್ಲವೇ ಇಲ್ಲ ಅಂತಲ್ಲ. ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1834ರಲ್ಲೇ ಚೈನೀಸ್ ವೈಟ್ ಅಂತ ಜಿಂಕ್ ಬಿಳಿಯನ್ನು ಮಾರುಕಟ್ಟೆಗೆ ತಂದಿತ್ತು. ಅದನ್ನು ಮುಟ್ಟಿದರೆ ಮೈಲಿಗೆ ಅನ್ನುವ ಮಡಿವಂತರು ನಮ್ಮಲ್ಲಿ ಇದ್ದಾರೆ. ನಾನು ಮಾತ್ರ ದೂರದ ದೋಣಿಯ ಮೇಲೆ ಒಂದು ಚುಕ್ಕಿ ಬೇಕಾದರೆ ಇಟ್ಟುಬಿಡುತ್ತೇನೆ, ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಬೆಳಗ್ಗೆ ಎದ್ದು ಮೊದಲು ಮಾಡುವ ಕೆಲಸ ಎರಡು ಡಬ್ಬಿಗೆ ನೀರು ತುಂಬುವುದು. ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಒಂದೇ ಡಬ್ಬಿ ಇಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ನೀರು ರಾಡಿ, ಮುಕ್ಕಾಲು ಗಂಟೆಯಲ್ಲಿ ಚಿತ್ರ ರಾಡಿ. ಬ್ರಷ್ಷನ್ನು ನೀರಿನ ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ ಮರೆಯಬಾರದು, ತುದಿ ಬಾಗಿಹೋಗುತ್ತದೆ. ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ವಾರವಾರ ಹೇಳುತ್ತೇನೆ, ವಾರವಾರ ನಾನೇ ಮರೆಯುತ್ತೇನೆ.

ಪೇಪರಿನ ವಿಷಯಕ್ಕೆ ಬರೋಣ, ಇದರಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. ಶುರುವಿನ ನಾಲ್ಕೈದು ವರ್ಷ ನಾನು ಡ್ರಾಯಿಂಗ್ ಪುಸ್ತಕದ ತೆಳು ಹಾಳೆಯಲ್ಲೇ ಜಲವರ್ಣ ಮಾಡಿದೆ. ನೀರು ಹಾಕಿದ ಕೂಡಲೇ ಹಾಳೆ ಉಬ್ಬಿ ಅಲೆಅಲೆಯಾಗಿ ಏಳುತ್ತಿತ್ತು, ಬಣ್ಣವೆಲ್ಲ ತಗ್ಗಿಗೆ ಹೋಗಿ ನಿಲ್ಲುತ್ತಿತ್ತು, ಎರಡು ಸಲ ಉಜ್ಜಿದರೆ ಮೇಲ್ಮೈ ಕಿತ್ತು ಜುಂಗಾಗಿ ಬರುತ್ತಿತ್ತು. ನನ್ನ ಕೈಯೇ ಸರಿ ಇಲ್ಲ ಅಂತ ನಂಬಿಕೊಂಡಿದ್ದೆ. ಒಮ್ಮೆ ಯಾರೋ ಒಂದು ತುಂಡು ಒಳ್ಳೆಯ ಪೇಪರ್ ಕೊಟ್ಟರು. ನೂರಕ್ಕೆ ನೂರು ಹತ್ತಿಯದು, ಚದರ ಮೀಟರಿಗೆ 300 ಗ್ರಾಂ ತೂಕದ್ದು. ಅದೇ ಕೈ, ಅದೇ ಬಣ್ಣ. ಆಕಾಶ ತಾನೇ ಇಳಿದು ಬಂತು. ಖುಷಿಗಿಂತ ಸಿಟ್ಟು ಬಂತು ನನಗೆ, ಐದು ವರ್ಷ ಹೋಯಿತಲ್ಲ ಅಂತ.

ಒಳ್ಳೆಯ ಪೇಪರಿನಲ್ಲಿ ಇರುವ ಗುಟ್ಟು ಸೈಜಿಂಗ್. ತಯಾರಿಸುವಾಗ ಜೆಲಾಟಿನ್ ಅಥವಾ ಅಂಥದ್ದೇ ಒಂದು ಅಂಟನ್ನು ಸೇರಿಸಿರುತ್ತಾರೆ. ಅದಿಲ್ಲದಿದ್ದರೆ ಪೇಪರ್ ನೀರನ್ನು ಒತ್ತುಕಾಗದದ ಹಾಗೆ ಹೀರಿಕೊಂಡುಬಿಡುತ್ತದೆ. ಅದು ಇದ್ದರೆ ನೀರು ಸ್ವಲ್ಪ ಹೊತ್ತು ಮೇಲೇ ನಿಲ್ಲುತ್ತದೆ. ಆ ಸ್ವಲ್ಪ ಹೊತ್ತೇ ನಮ್ಮ ಇಡೀ ಕಸುಬು. ಆಮೇಲೆ ಮೇಲ್ಮೈ ಮೂರು ಥರ ಸಿಗುತ್ತದೆ. ಹಾಟ್ ಪ್ರೆಸ್ ಅಂದರೆ ನುಣುಪು, ಕೋಲ್ಡ್ ಪ್ರೆಸ್ ಅಂದರೆ ಸಣ್ಣ ತರಿ, ರಫ್ ಅಂದರೆ ಹೆಸರೇ ಹೇಳುವ ಹಾಗೆ ಒರಟು. ಹೊಸಬರು ಕೋಲ್ಡ್ ಪ್ರೆಸ್ ತೆಗೆದುಕೊಳ್ಳಿ. ಕೈಯಲ್ಲಿ ಇರುವ ದುಡ್ಡಿನಲ್ಲಿ ಮೊದಲು ಪೇಪರ್, ಆಮೇಲೆ ಬಣ್ಣ, ಉಳಿದರೆ ಬ್ರಷ್. ಅಂಗಡಿಯವರು ಇದನ್ನು ತಿರುವುಮುರುವಾಗಿ ಹೇಳುತ್ತಾರೆ.

ಬಣ್ಣ ಅಂದರೆ ಏನು? ನುಣ್ಣಗೆ ಅರೆದ ಪುಡಿ, ಅದನ್ನು ಹಿಡಿದಿಡಲು ಗಮ್ ಅರೇಬಿಕ್, ಅಂದರೆ ಜಾಲಿ ಜಾತಿಯ ಮರದ ಗೋಂದು. ಗಟ್ಟಿಯಾಗಿ ಕಲ್ಲಾಗದಿರಲಿ ಅಂತ ಗ್ಲಿಸರಿನ್ ಅಥವಾ ಜೇನು. ಅಷ್ಟೇ. ಹಿಂದೆ ಚಿತ್ರಕಾರರೇ ಇದನ್ನು ಕೂತು ಅರೆದುಕೊಳ್ಳಬೇಕಿತ್ತು. ಇಂಗ್ಲೆಂಡಿನ ರೀವ್ಸ್ ಅಣ್ಣತಮ್ಮಂದಿರು ಸಣ್ಣ ಬಿಲ್ಲೆಗಳಾಗಿ ಮಾಡಿ ಮಾರಿದರು, ಅದಕ್ಕೆ 1781ರಲ್ಲಿ ಬಹುಮಾನವೂ ಬಂತು. 1830ರ ದಶಕದಲ್ಲಿ ಒದ್ದೆ ಬ್ರಷ್ ಸೋಕಿಸಿದರೆ ಸಾಕು ಕರಗುವ ಮೆತ್ತನೆ ಬಣ್ಣ ಬಂತು, 1840ರ ದಶಕದಲ್ಲಿ ಟ್ಯೂಬ್ ಬಂತು. ಆಮೇಲೆ ಚಿತ್ರಕಾರ ಜೇಬಿನಲ್ಲಿ ಡಬ್ಬಿ ಇಟ್ಟುಕೊಂಡು ಬೆಟ್ಟ ಹತ್ತಿದ.

ಈ ಪೇಪರಿನ ಮೇಲಿರುವ ನೀಲಿಯ ಕಥೆ ಇನ್ನೂ ಚೆನ್ನ. ಅಲ್ಟ್ರಾಮರೀನ್ ಮೊದಲು ಅಫ್ಘಾನಿಸ್ತಾನದ ಬದಖ್ಶಾನಿನ ಗಣಿಗಳಿಂದ ಬರುತ್ತಿದ್ದ ಲ್ಯಾಪಿಸ್ ಲಜುಲಿ ಕಲ್ಲಿನ ಬಣ್ಣ, ಯೂರೋಪಿನಲ್ಲಿ ಚಿನ್ನದಂತೆ ತೂಗಿ ಕೊಳ್ಳುತ್ತಿದ್ದರು. 1824ರಲ್ಲಿ ಫ್ರಾನ್ಸಿನ ಒಂದು ಸಂಸ್ಥೆ, ಇದನ್ನು ಅಗ್ಗವಾಗಿ ತಯಾರಿಸಿದವರಿಗೆ 6000 ಫ್ರಾಂಕ್ ಬಹುಮಾನ ಅಂತ ಸಾರಿತು. 1828ರಲ್ಲಿ ಅದು ಗಿಮೆ ಅನ್ನುವವರಿಗೆ ಸಿಕ್ಕಿತು. ಅವರಿಂದಾಗಿಯೇ ನನ್ನಂಥವನು ಇವತ್ತು ಇದನ್ನು ಹೀಗೆ ಧಾರಾಳವಾಗಿ ಚೆಲ್ಲುತ್ತಿದ್ದೇನೆ. ಇದರ ಕಣಗಳು ಗುಂಪುಗೂಡಿ ಪೇಪರಿನ ತಗ್ಗುಗಳಲ್ಲಿ ಕೂತುಕೊಳ್ಳುತ್ತವೆ. ಒಣಗಿದ ಮೇಲೆ ಹತ್ತಿರದಿಂದ ನೋಡಿ, ಮರಳು ಉದುರಿಸಿದ ಹಾಗೆ ಕಾಣುತ್ತದೆ. ಥಾಲೋ ಅಂತ ಇನ್ನೊಂದು ನೀಲಿ ಇದೆ, ಅದು ಹಾಗಲ್ಲ. ಅದರ ಕಣ ತೀರಾ ಸಣ್ಣದು, ಪೇಪರಿನ ಒಳಗೇ ಇಳಿದುಬಿಡುತ್ತದೆ, ಆಮೇಲೆ ಒದ್ದೆ ಬ್ರಷ್ಷಿನಿಂದ ಎತ್ತಿದರೂ ಹೋಗುವುದಿಲ್ಲ. ಅಂಗಿಯ ಮೇಲೆ ಬಿದ್ದರೂ ಅಷ್ಟೇ.

ಒಂದು ನಿಮಿಷ, ಸ್ವಲ್ಪ ನೀರು ಕುಡಿಯುತ್ತೇನೆ.

ಹಾಂ. ಕಾಯುವುದರ ಬಗ್ಗೆ ಹೇಳುತ್ತಿದ್ದೆ. ಒದ್ದೆ ಪೇಪರ್ ಅಂದರೆ ಒಂದೇ ಥರ ಒದ್ದೆ ಅಲ್ಲ. ಮೊದಲು ನೀರು ಸಣ್ಣ ಕೆರೆಯ ಹಾಗೆ ನಿಂತಿರುತ್ತದೆ. ಆಮೇಲೆ ಕನ್ನಡಿಯಂತೆ ಹೊಳೆಯುತ್ತದೆ. ಆಮೇಲೆ ಹೊಳಪು ಮೆತ್ತಗಾಗಿ ರೇಷ್ಮೆಯ ಹಾಗೆ ಆಗುತ್ತದೆ. ಕೊನೆಗೆ ಹೊಳಪು ಪೂರ್ತಿ ಹೋಗಿರುತ್ತದೆ, ಆದರೆ ಬೆರಳಿನ ಹಿಂಬದಿ ತಾಗಿಸಿದರೆ ಇನ್ನೂ ತಣ್ಣಗಿರುತ್ತದೆ. ತಣ್ಣಗಿದೆ ಅಂದರೆ ನೀರು ಇನ್ನೂ ಆವಿಯಾಗುತ್ತಿದೆ, ಒಣಗಿಲ್ಲ ಅಂತ ಅರ್ಥ. ಬೆರಳಿನ ತುದಿಯಿಂದ ಮುಟ್ಟಬೇಡಿ, ಎಣ್ಣೆ ಜಿಡ್ಡು ಅಂಟಿ ಆ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ. ಮೋಡ ಬರೆಯಬೇಕಾದರೆ ಕನ್ನಡಿ ಹೊಳಪಿನಲ್ಲಿ ಬರೆಯಬೇಕು, ಮಂಜಿನಾಚೆಯ ಮರ ಬೇಕಾದರೆ ರೇಷ್ಮೆ ಹೊಳಪಿನಲ್ಲಿ. ಎಲೆಯ ಚೂಪು ಅಂಚು ಬೇಕಾದರೆ ಪೂರ್ತಿ ಒಣಗುವವರೆಗೆ ಕಾಯಬೇಕು.

ಅಪಾಯ ಇರುವುದು ಆ ನಡುವಿನ ಹೊತ್ತಿನಲ್ಲಿ. ಪೇಪರ್ ಅರೆ ಒಣಗಿದೆ, ನಿಮ್ಮ ಕಣ್ಣಿಗೆ ಒಂದು ಕಡೆ ಬಣ್ಣ ತೆಳು ಅನ್ನಿಸುತ್ತದೆ, ಇಷ್ಟೇ ಇಷ್ಟು ಸರಿ ಮಾಡೋಣ ಅಂತ ಕೈ ತುರಿಸುತ್ತದೆ. ನೀರು ತುಂಬಿದ ಬ್ರಷ್ ಇಡುತ್ತೀರಿ. ಹೊಸ ನೀರು ಅರೆ ಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ, ಸುತ್ತ ಗಾಢವಾದ ಅಂಚು ಕಟ್ಟಿ, ನಡುವೆ ಒಂದು ಪೇಲವ ಹೂಕೋಸು ಅರಳುತ್ತದೆ. ನಾವು ಅದನ್ನು ಹೂಕೋಸು ಅಂತಲೇ ಕರೆಯುವುದು. ಬ್ರಷ್ಷಿನಲ್ಲಿರುವ ನೀರು ಪೇಪರಿನಲ್ಲಿರುವ ನೀರಿಗಿಂತ ಜಾಸ್ತಿ ಇದ್ದರೆ ಹೂಕೋಸು ಗ್ಯಾರಂಟಿ.

ಅಂಚು ಗಾಢವಾಗುವುದು ಯಾಕೆ ಅನ್ನುವುದಕ್ಕೆ ಇದೇ ಜಾತಿಯ ಇನ್ನೊಂದು ಸಂಗತಿ ಇದೆ. ಮೇಜಿನ ಮೇಲೆ ಬಿದ್ದ ಕಾಫಿ ಹನಿ ಒಣಗಿದಾಗ ಸುತ್ತ ಒಂದು ಉಂಗುರ ಉಳಿಯುತ್ತದಲ್ಲ, ಅದು ಹೇಗೆ ಅಂತ ಶಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆ ಕೊರತೆ ತುಂಬಲು ನಡುವಿನಿಂದ ನೀರು ಅಂಚಿಗೆ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಅದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅಲ್ಲಿಯವರೆಗೂ ಅದು ನನ್ನದೇ ಶಾಪ ಅಂದುಕೊಂಡಿದ್ದೆ.

ಇನ್ನು ಪಾಠ ಹೇಳುವ ಕೆಲಸ. ವಾರಕ್ಕೆ ಎರಡು ದಿನ ಸಂಜೆ, ರಜಾ ದಿನ ಬೆಳಗ್ಗೆ. ಎಂಟು ವರ್ಷದ ಮಕ್ಕಳೂ ಇರುತ್ತಾರೆ, ನಿವೃತ್ತರಾಗಿ ಬಂದವರೂ ಇರುತ್ತಾರೆ. ಮಕ್ಕಳಿಗೆ ಪಾಠ ಸುಲಭ, ಅವರಿಗೆ ಕಳೆದುಕೊಳ್ಳಲು ಏನೂ ಇಲ್ಲ. ಕೆಲಸದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವರಿಗೆ ಕಷ್ಟ. ಜೀವನವಿಡೀ ತಪ್ಪು ತಿದ್ದಿಯೇ ಅಭ್ಯಾಸ ಅವರಿಗೆ. ಒಬ್ಬರು ಬರುತ್ತಿದ್ದರು, ತುಂಬಾ ಶಿಸ್ತಿನ ಮನುಷ್ಯ. ಅವರ ಚಿತ್ರ ಮೊದಲ ಇಪ್ಪತ್ತು ನಿಮಿಷ ಇಡೀ ತರಗತಿಯಲ್ಲೇ ಚೆನ್ನಾಗಿರುತ್ತಿತ್ತು. ಮುಂದಿನ ಇಪ್ಪತ್ತು ನಿಮಿಷದಲ್ಲಿ ತಿದ್ದಿ ತಿದ್ದಿ ಕೆಸರು ಮಾಡಿಬಿಡುತ್ತಿದ್ದರು. ಕೊನೆಗೆ ನಾನೊಂದು ಉಪಾಯ ಮಾಡಿದೆ. ಅವರ ಪಕ್ಕ ನಿಂತಿದ್ದು, ಸರಿಯಾದ ಹೊತ್ತಿಗೆ "ಸರ್, ಸ್ವಲ್ಪ ಈ ಕಿಟಕಿ ತೆಗೀತೀರಾ, ಬಿಗಿಯಾಗಿದೆ" ಅಂತ ಕೇಳುತ್ತಿದ್ದೆ. ಅವರು ಎದ್ದು ಹೋಗಿ ಬರುವುದರೊಳಗೆ ಪೇಪರ್ ಒಣಗಿರುತ್ತಿತ್ತು. ಮೂರನೇ ವಾರ ಅವರೇ ನಗುತ್ತಾ "ಕಿಟಕಿ ತೆಗೆದೇ ಇದೆ ಮೇಷ್ಟ್ರೇ" ಅಂದರು. ಆ ದಿನದಿಂದ ತಾವೇ ಬ್ರಷ್ ಕೆಳಗಿಡಲು ಶುರು ಮಾಡಿದರು.

ಪಾಠದಲ್ಲಿ ನಾನು ಕಲಿತದ್ದು ಇನ್ನೂ ಕಷ್ಟದ್ದು. ವಿದ್ಯಾರ್ಥಿಯ ಪೇಪರಿಗೆ ಬ್ರಷ್ ತಾಗಿಸಬಾರದು. ಮೊದಲು ತಾಗಿಸುತ್ತಿದ್ದೆ. ಎರಡು ಗೆರೆ ಎಳೆದರೆ ಚಿತ್ರ ಎದ್ದು ನಿಲ್ಲುತ್ತದೆ, ಅಪ್ಪ ಅಮ್ಮನಿಗೂ ಖುಷಿ, ಫೀಸಿಗೂ ಬೆಲೆ ಬಂದ ಹಾಗೆ. ಒಂದು ಹುಡುಗಿ ಮಾತ್ರ ಆ ಚಿತ್ರವನ್ನು ಮನೆಗೆ ಒಯ್ಯದೆ ಬೆಂಚಿನ ಮೇಲೇ ಬಿಟ್ಟು ಹೋದಳು. ಯಾಕಮ್ಮ ಅಂದರೆ "ಅದು ನಿಮ್ಮದು" ಅಂದಳು. ಈಗ ನನ್ನ ಪಕ್ಕ ಒಂದು ಹರುಕು ಪೇಪರ್ ಇಟ್ಟುಕೊಂಡಿರುತ್ತೇನೆ, ತೋರಿಸುವುದೆಲ್ಲ ಅದರ ಮೇಲೆ.

ಮೊದಲ ತರಗತಿಯಲ್ಲಿ ಚಿತ್ರ ಬರೆಸುವುದಿಲ್ಲ. ಒಂದೇ ಬಣ್ಣ, ಬೇರೆ ಬೇರೆ ನೀರು. ಹಾಲಿನಷ್ಟು ಮಂದ ಮಾಡಿ, ಜೇನಿನಷ್ಟು ಮಂದ ಮಾಡಿ, ಬರೀ ನೀರಿಗೆ ಬಣ್ಣದ ನೆನಪು ಇದ್ದಷ್ಟು ಮಾಡಿ. ಎಲ್ಲವನ್ನೂ ಪಟ್ಟೆ ಎಳೆದು ಒಣಗಿಸಿ. ಆಗ ಗೊತ್ತಾಗುತ್ತದೆ, ಒದ್ದೆಯಾಗಿದ್ದಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ತಿಳಿಯಾಗಿಬಿಡುತ್ತದೆ. ಅದಕ್ಕೇ ಒದ್ದೆಯಲ್ಲಿ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುವಷ್ಟು ಹಾಕಬೇಕು. ಇದು ಬಾಯಲ್ಲಿ ಹೇಳಿದರೆ ಬರುವುದಿಲ್ಲ.

ಪ್ರದರ್ಶನದ ವಿಷಯ. ನಾನು ದೊಡ್ಡ ಗ್ಯಾಲರಿಗಳ ಕಲಾವಿದ ಅಲ್ಲ. ಗ್ರಂಥಾಲಯದ ಹಾಲು, ಶಾಲೆಯ ವರಾಂಡ, ಸಣ್ಣ ಬಾಡಿಗೆಯ ಹಾಲು, ಇವು ನನ್ನ ಜಾಗ. ವರ್ಷಕ್ಕೊಂದೋ ಎರಡೋ. ಹತ್ತು ಚಿತ್ರ ಮಾಡಿದರೆ ಎರಡು ಮೂರು ಗೋಡೆಗೆ ಏರುತ್ತವೆ, ಉಳಿದವುಗಳ ಹಿಂಬದಿ ಅಭ್ಯಾಸಕ್ಕೆ ಬರುತ್ತದೆ. ಫ್ರೇಮ್ ಹಾಕಿಸುವುದೇ ದೊಡ್ಡ ಖರ್ಚು. ಜಲವರ್ಣಕ್ಕೆ ಗಾಜು ಬೇಕೇ ಬೇಕು, ಆದರೆ ಗಾಜು ಪೇಪರಿಗೆ ತಾಗಬಾರದು, ತೇವ ಸೇರಿ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರುವ ದಪ್ಪ ರಟ್ಟು ಇರಬೇಕು, ಅದು ಆಮ್ಲ ಇಲ್ಲದ್ದಾಗಿರಬೇಕು, ಇಲ್ಲವಾದರೆ ಕೆಲವೇ ವರ್ಷಕ್ಕೆ ಚಿತ್ರದ ಸುತ್ತ ಕಂದು ಗೆರೆ ಬೀಳುತ್ತದೆ.

ಇಲ್ಲಿ ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು. ತುಂಬಾ ಹಿಂದೆ ಗುಲಾಬಿ ಹೂಗಳ ಒಂದು ಚಿತ್ರ ಮಾರಿದ್ದೆ. ಕೆಲವು ವರ್ಷದ ನಂತರ ಕೊಂಡವರ ಮನೆಗೆ ಹೋಗುವ ಸಂದರ್ಭ ಬಂತು. ಹಾಲಿನಲ್ಲಿ, ಕಿಟಕಿಯ ಎದುರಿಗೇ, ಹೆಮ್ಮೆಯಿಂದ ತೂಗುಹಾಕಿದ್ದರು. ಎಲೆ ಇದ್ದವು, ಕಾಂಡ ಇತ್ತು, ಹೂದಾನಿ ಇತ್ತು. ಹೂ ಇರಲಿಲ್ಲ. ಎಲೆಗಳ ನಡುವೆ ಬೂದು ಬಣ್ಣದ ನೆರಳು ಮಾತ್ರ. ಮನೆಯವರು ದಿನಾ ನೋಡುತ್ತಿದ್ದರಿಂದ ಅವರಿಗೆ ಗೊತ್ತೇ ಆಗಿರಲಿಲ್ಲ. "ನಿಮ್ಮ ಬಿಳಿ ಗುಲಾಬಿ ಎಲ್ಲರೂ ಮೆಚ್ಚುತ್ತಾರೆ" ಅಂದರು. ನಾನು ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪನ್ನು ತೆಳುವಾಗಿ ಬಳಸಿದ್ದೆ. 1868ರಲ್ಲಿ ಜರ್ಮನಿಯಲ್ಲಿ ಕೃತಕವಾಗಿ ತಯಾರಿಸಿದ ಬಣ್ಣ ಅದು, ನೋಡಲು ಚೆಂದ, ಬೆಳಕಿಗೆ ನಿಲ್ಲುವುದಿಲ್ಲ. ಆವತ್ತು ನಿಜ ಹೇಳಿ ಬೇರೆ ಚಿತ್ರ ಕೊಟ್ಟು ಬಂದೆ. ಈಗ ಟ್ಯೂಬಿನ ಮೇಲಿನ ಹೆಸರನ್ನು ನಂಬುವುದಿಲ್ಲ, ಹಿಂದೆ ಸಣ್ಣಕ್ಷರದಲ್ಲಿ ಇರುವ ಪಿಗ್ಮೆಂಟ್ ಸಂಖ್ಯೆ, ಅಂದರೆ ಒಳಗಿರುವ ಬಣ್ಣದ ಪುಡಿ ಯಾವುದು ಅಂತ ಹೇಳುವ ಸಂಖ್ಯೆ ನೋಡುತ್ತೇನೆ. ಪಿಆರ್ 83 ಅಂತ ಇದ್ದರೆ ಅದೇ ಅಲಿಜರಿನ್, ವಾಪಸ್ ಇಡುತ್ತೇನೆ. ಕೆಂಪು ಬೇಕಾದರೆ ಬೆಳಕಿಗೆ ನಿಲ್ಲುವ ಕ್ವಿನಾಕ್ರಿಡೋನ್ ಜಾತಿಯದು.

ಇದು ಹೊಸ ಜಗಳವೂ ಅಲ್ಲ. ಜಲವರ್ಣ ಬೆಳಕಿಗೆ ಮಾಸುತ್ತದೋ ಇಲ್ಲವೋ ಅಂತ ಬ್ರಿಟನ್ನಿನಲ್ಲಿ ದೊಡ್ಡ ವಾದವೇ ನಡೆದು, ರಸೆಲ್ ಮತ್ತು ಆ್ಯಬ್ನಿ ಅನ್ನುವ ಇಬ್ಬರು ವಿಜ್ಞಾನಿಗಳು ಪರೀಕ್ಷೆ ಮಾಡಿ 1888ರಲ್ಲಿ ವರದಿ ಕೊಟ್ಟರು. ಎಷ್ಟೋ ಬಣ್ಣಗಳು ಮಾಸುತ್ತವೆ ಅಂತ ಸಾಬೀತಾಯಿತು. ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಇಂಥ ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ, ಲಕ್ಸ್ ಅಂದರೆ ಬೆಳಕಿನ ಅಳತೆ. ಹೊರಗಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಇರಬಹುದು, ಲೆಕ್ಕ ಹಾಕಿ. 1502ರಲ್ಲಿ ಜರ್ಮನಿಯ ಚಿತ್ರಕಾರ ಡ್ಯೂರರ್ ಬರೆದ ಮೊಲದ ಮರಿಯ ಚಿತ್ರ ವಿಯೆನ್ನಾದ ಆಲ್ಬರ್ಟಿನಾ ವಸ್ತುಸಂಗ್ರಹಾಲಯದಲ್ಲಿ ಹೆಚ್ಚು ಕಾಲ ಕತ್ತಲೆಯಲ್ಲೇ ಇರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೆನ್ರಿ ವಾನ್ ಅನ್ನುವ ಸಂಗ್ರಾಹಕರ ಕಥೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್‌ನ 38 ಜಲವರ್ಣಗಳನ್ನು ಸ್ಕಾಟ್ಲೆಂಡಿನ ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಗೆ ಉಯಿಲು ಬರೆದು ತೀರಿಕೊಂಡರು. ಷರತ್ತು ಏನು ಅಂದರೆ, ವರ್ಷಕ್ಕೆ ಜನವರಿಯಲ್ಲಿ ಮಾತ್ರ ತೋರಿಸಬೇಕು, ಅದೂ ಪುಕ್ಕಟೆ. ಅಲ್ಲಿ ಜನವರಿಯಲ್ಲಿ ಬೆಳಕು ತೀರಾ ಕಡಿಮೆ, ಅದಕ್ಕೆ. 1900ರಿಂದ ಆ ಚಿತ್ರಗಳು ಜನವರಿಗೆ ಕಾಯುತ್ತವೆ. ನೋಡುವವರೂ ಕಾಯುತ್ತಾರೆ.

ಪ್ರದರ್ಶನದ ದಿನ ನಾನು ಬಾಗಿಲ ಹತ್ತಿರ ಕೂರುತ್ತೇನೆ. ಚಿತ್ರದ ಪಕ್ಕ ನಿಂತು ವಿವರಿಸುವುದನ್ನು ಬಿಟ್ಟಿದ್ದೇನೆ. ಮಾತಾಡಿದರೆ ಜನ ಮರ್ಯಾದೆಗೆ ನನ್ನ ಮುಖ ನೋಡುತ್ತಾರೆ, ಚಿತ್ರ ನೋಡುವುದಿಲ್ಲ. ಸುಮ್ಮನೆ ಬಿಟ್ಟರೆ ಯಾವ ಚಿತ್ರದ ಮುಂದೆ ನಿಂತರು, ಯಾವುದನ್ನು ದಾಟಿದರು ಅಂತ ದೂರದಿಂದಲೇ ತಿಳಿಯುತ್ತದೆ. ನಾನು ತುಂಬಾ ಕಷ್ಟಪಟ್ಟ ಚಿತ್ರವನ್ನೇ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಹದಿನೈದು ನಿಮಿಷದಲ್ಲಿ ಆದದ್ದರ ಮುಂದೆ ನಿಲ್ಲುತ್ತಾರೆ.

ಬೆಲೆಯನ್ನು ನಾನು ಅಳತೆ ನೋಡಿ ಇಡುತ್ತೇನೆ, ಇಷ್ಟ ನೋಡಿ ಅಲ್ಲ. ಒಂದೇ ಅಳತೆಯ ಚಿತ್ರಗಳಿಗೆ ಒಂದೇ ಬೆಲೆ. ಇಷ್ಟಕ್ಕೆ ಬೆಲೆ ಕಟ್ಟಲು ಹೋದರೆ ಒಂದೂ ಮಾರುವುದಿಲ್ಲ. ಮಾರಿ ಜೀವನ ನಡೆಯುತ್ತದಾ ಅಂದರೆ ಇಲ್ಲ, ನಡೆಸುವುದು ತರಗತಿ. ಇದನ್ನು ಕಲಾವಿದರು ಯಾಕೆ ಮುಚ್ಚಿಡುತ್ತಾರೋ ಗೊತ್ತಿಲ್ಲ.

ಒಮ್ಮೆ ಒಬ್ಬರು ನನ್ನ ನದಿಯ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು. ನೀರಿನ ಮೇಲೆ ಒಂದು ಕಡೆ ಬೆಳಕು ಒಡೆದ ಹಾಗೆ ಇತ್ತು. "ಇದನ್ನು ಹೇಗೆ ಮಾಡಿದಿರಿ, ಬೇಕಂತಲೇ ಅಲ್ವಾ?" ಅಂದರು. ಅದು ಹೂಕೋಸು. ಸೀನು ಬಂದು ಕೈ ಅಲುಗಿ ಬ್ರಷ್ಷಿನಿಂದ ಹನಿ ಬಿದ್ದಿತ್ತು. ಹೌದು ಅಂದುಬಿಟ್ಟೆ. ಅವರು ಕೊಂಡರು. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಇನ್ನು ಮೇಲೆ ಇಂಥ ಸುಳ್ಳು ಹೇಳಬಾರದು ಅಂತ ಅಂದುಕೊಂಡಿದ್ದೇನೆ.

ಸರಿ, ತುಂಬಾ ಹೊತ್ತಾಯಿತು. ಆ ಪೇಪರ್ ಒಣಗಿರಬೇಕು, ಬನ್ನಿ ನೋಡೋಣ.

(ಇಲ್ಲಿಂದ ಮುಂದಿನದು ಬರೆಯುವಾಗ ಸೇರಿಸಿದ್ದು. ಎಲ್ಲರೂ ಮೇಜಿನ ಸುತ್ತ ಬಂದರು. ಆಕಾಶ ಚೆನ್ನಾಗಿ ಒಣಗಿತ್ತು, ನೀಲಿ ತಗ್ಗುಗಳಲ್ಲಿ ಕೂತು ಸಣ್ಣ ತರಿ ಕಾಣುತ್ತಿತ್ತು. ಎಡಗಡೆ, ಕೆಳಗೆ, ಅಂಗೈಯಗಲದ ಒಂದು ಹೂಕೋಸು. ನಾನು ನೀರು ಕುಡಿಯುವಾಗ ಲೋಟದಿಂದ ಬಿದ್ದದ್ದು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಅದನ್ನೇ ನೋಡುತ್ತಿದ್ದ. "ಇದು ಹೇಗೆ ಬಂತು ಅಂತ ಗೊತ್ತಾ?" ಅಂದೆ.

"ಗೊತ್ತು. ಹನಿ ಬಿದ್ದಾಗಲೇ ನೋಡಿದೆ" ಅಂದ.

"ಮತ್ತೆ ಹೇಳೋದಲ್ವಾ?"

"ನೀವೇ ಯಾರೂ ಮುಟ್ಟಬೇಡಿ ಅಂದಿದ್ದಿರಲ್ಲ. ಅದಕ್ಕೆ ಏನಾಗುತ್ತೆ ಅಂತ ನೋಡ್ತಾ ಕೂತಿದ್ದೆ.")